ಆರು ಹೆಜ್ಜೆಯ ಪೆಟ್ಟಿಗೆ

ನನ್ನದು ಕನ್ನಡಕದ ಅಂಗಡಿ. ನನ್ನ ಹೆಂಡತಿ ಕಣ್ಣು ಮುಚ್ಚಿಕೊಂಡು ಕೆಲಸ ಮಾಡುವವಳು. ಈ ಜೋಡಿ ಹೇಗೆ ಕೂಡಿಬಂತು ಎಂದು ಕೇಳಿದವರಿಗೆಲ್ಲ ನಾನು ಹೇಳುವುದು ಒಂದೇ ಮಾತು: ಅವಳಿಗೆ ದೂರದ್ದು ಕಾಣುವುದಿಲ್ಲ, ನನಗೆ ಹತ್ತಿರದ್ದು ಕಾಣುವುದಿಲ್ಲ, ಹಾಗಾಗಿ ಇಬ್ಬರೂ ನೋಡದೆ ಒಪ್ಪಿಕೊಂಡುಬಿಟ್ಟೆವು. ಈ ಮಾತಿಗೆ ಅವಳೂ ನಗುತ್ತಾಳೆ. ಆದರೆ ಒಂದು ಗಳಿಗೆ ತಡವಾಗಿ ನಗುತ್ತಾಳೆ, ಎಲ್ಲಿಗೋ ಹೋಗಿದ್ದವಳು ಈಗಷ್ಟೇ ವಾಪಸು ಬಂದ ಹಾಗೆ.

ಅಂಗಡಿಯ ಹಿಂದುಗಡೆ ಕಣ್ಣು ಪರೀಕ್ಷೆಯ ಕೋಣೆ ಇದೆ. ಕಿಟಕಿಗೆ ದಪ್ಪನೆಯ ಕಪ್ಪು ಪರದೆ, ಹಿಂದಕ್ಕೆ ಒರಗುವ ಕುರ್ಚಿ, ಎದುರಿನ ಗೋಡೆಯಲ್ಲಿ ದೊಡ್ಡದರಿಂದ ಚಿಕ್ಕದಾಗುತ್ತ ಇಳಿಯುವ ಅಕ್ಷರಗಳ ದೀಪದ ಹಲಗೆ. ಮಧ್ಯಾಹ್ನ ನಾನು ಊಟಕ್ಕೆಂದು ಬಾಗಿಲು ಎಳೆದುಕೊಳ್ಳುವ ಹೊತ್ತಿಗೆ ಅವಳು ವಿಶ್ವವಿದ್ಯಾಲಯದಿಂದ ಸೈಕಲ್ ತುಳಿದುಕೊಂಡು ಬಂದು ಆ ಕುರ್ಚಿಯಲ್ಲಿ ಒರಗಿ ಕಣ್ಣು ಮುಚ್ಚುತ್ತಾಳೆ. ಮದುವೆಯಾದ ಹೊಸತರಲ್ಲಿ, ಪಾಪ ಸುಸ್ತಾಗಿದ್ದಾಳೆ ಎಂದುಕೊಂಡು ಹೊದಿಕೆ ತಂದು ಹೊದಿಸಿದ್ದೆ. "ರೀ, ನಾನು ಕೆಲಸ ಮಾಡ್ತಿದ್ದೀನಿ," ಎಂದಳು, ಕಣ್ಣು ತೆರೆಯದೆಯೇ. ನಾನು ತುದಿಗಾಲಲ್ಲಿ ಹೊರಗೆ ಬಂದೆ.

ನಮ್ಮ ಅತ್ತೆಗೆ, ಅಂದರೆ ಅವಳ ತಾಯಿಗೆ, ಇದು ಇವತ್ತಿಗೂ ಒಗಟು. ಅವರು ನಮ್ಮ ಜೊತೆಯಲ್ಲೇ ಅಂಗಡಿಯ ಮೇಲಿನ ಮಹಡಿಯಲ್ಲಿ ಇರುತ್ತಾರೆ. "ಅಳಿಯಂದ್ರೇ, ನಿಜ ಹೇಳಿ, ಇವಳಿಗೆ ಅಲ್ಲಿ ಸಂಬಳ ಕೊಡೋದು ಮಲಗೋದಕ್ಕಾ?" ಎಂದು ವರ್ಷಕ್ಕೊಮ್ಮೆಯಾದರೂ ಕೇಳುತ್ತಾರೆ. ಪ್ರಯೋಗಶಾಲೆ ಇಲ್ಲ, ಬಾಟಲಿ ಇಲ್ಲ, ಬಿಳಿ ಕೋಟು ಇಲ್ಲ. ಇವಳದು ಸೈದ್ಧಾಂತಿಕ ಭೌತಶಾಸ್ತ್ರ, ಬರೀ ತಲೆ, ಕಾಗದ ಮತ್ತು ಕಂಪ್ಯೂಟರು. ವಿಶ್ವವಿದ್ಯಾಲಯದ ಅವಳ ಕೋಣೆಯಲ್ಲಿ ಒಂದು ಕರಿಹಲಗೆ, ಎರಡು ಕುರ್ಚಿ, ಹಬೆಯಾಡುವ ಚಹಾದ ಲೋಟ. ಚಹಾ ಆರಿ ಕೆನೆಗಟ್ಟಿದ ಮೇಲೆ ಅದನ್ನು ಕುಡಿಯುವುದು ಅವಳ ಪದ್ಧತಿ.

ಅವಳು ಏನು ಯೋಚಿಸುತ್ತಾಳೆ ಎನ್ನುವುದನ್ನು ನನಗೆ ಅರ್ಥ ಮಾಡಿಸಿದ್ದು ಅವಳಲ್ಲ, ಅತ್ತೆ. ಒಂದು ಭಾನುವಾರ ಊಟದ ಮೇಜಿನ ಹತ್ತಿರ ಅವಳು ವಿವರಿಸಲು ಹೆಣಗುತ್ತಿದ್ದಳು. ಕೆಲವು ಹರಳುಗಳಲ್ಲಿ ಪರಮಾಣುವಿಗೊಂದರಂತೆ ಪುಟ್ಟ ಅಯಸ್ಕಾಂತದ ಸೂಜಿ ಇರುತ್ತದಂತೆ. ಅದಕ್ಕೆ ಅವಳ ಮಂದಿ ಸ್ಪಿನ್ ಎನ್ನುತ್ತಾರೆ. ಪ್ರತಿ ಸೂಜಿಗೂ ಪಕ್ಕದ್ದಕ್ಕೆ ಉಲ್ಟಾ ನಿಲ್ಲುವ ಹಟ. ಎರಡೇ ಇದ್ದರೆ ತೊಂದರೆಯಿಲ್ಲ, ಒಂದು ಮೇಲೆ, ಒಂದು ಕೆಳಗೆ. ಮೂರು ಸೂಜಿ ತ್ರಿಕೋನದಲ್ಲಿ ಕೂತರೆ? "ಮೂರನೇದು ಯಾರಿಗೆ ಉಲ್ಟಾ ನಿಲ್ಲಬೇಕಮ್ಮಾ? ಒಬ್ಬರಿಗೆ ಉಲ್ಟಾ ಆದ್ರೆ ಇನ್ನೊಬ್ಬರ ಪಕ್ಷ ಆಗುತ್ತೆ," ಎಂದಳು.

ಅತ್ತೆ ತುತ್ತು ಕೈಯಲ್ಲೇ ಹಿಡಿದು ನಕ್ಕರು. "ಇದೇನು ಹೊಸ ವಿಷಯ ಅಂತ ಹೇಳ್ತಿದ್ದೀಯೇ? ನಾವು ಮೂರು ಜನ ಓರಗಿತ್ತಿಯರು ಒಂದೇ ಅಡುಗೆಮನೇಲಿ ಇದ್ದೆವಲ್ಲ. ದೊಡ್ಡವಳು ಹೌದು ಅಂದ್ರೆ ನಡುವಿನವಳು ಅಲ್ಲ. ನಾನು ಏನು ಅಂದ್ರೂ ಒಬ್ಬಳ ಮುಖ ಊದಿಕೊಳ್ತಿತ್ತು. ಮೂವತ್ತು ವರ್ಷದಲ್ಲಿ ಒಂದು ದಿನವೂ ನೆಟ್ಟಗೆ ತೀರ್ಮಾನ ಆಗಿದ್ದು ನಾ ಕಾಣೆ."

"ಅದೇ ಅಮ್ಮಾ!" ಎಂದು ಇವಳು ಮೇಜು ಬಡಿದಳು. "ಎಷ್ಟು ತಣ್ಣಗೆ ಮಾಡಿದ್ರೂ ತೀರ್ಮಾನವೇ ಆಗಲ್ಲ. ಅದೇ ನನ್ನ ಕೆಲಸ!"

ಸಾಮಾನ್ಯ ಅಯಸ್ಕಾಂತವನ್ನು ತಣ್ಣಗೆ ಮಾಡುತ್ತ ಹೋದರೆ ಸೂಜಿಗಳು ಯಾವುದೋ ಒಂದು ಸಾಲಿಗೆ ಬಂದು ನಿಂತುಬಿಡುತ್ತವೆ, ಹೆಪ್ಪುಗಟ್ಟಿದಂತೆ. ಇಂಥ ತೀರ್ಮಾನವಾಗದ ತ್ರಿಕೋನಗಳು ಹೆಣೆದುಕೊಂಡ ಜಾಲಗಳಲ್ಲಿ ಕೆಲವು ಮಾತ್ರ ತಣ್ಣಗಿನ ಕಟ್ಟಕಡೆಯಲ್ಲೂ ನಿಲ್ಲುವುದಿಲ್ಲ. ಪ್ರತಿ ಸೂಜಿಯೂ ಒಂದು ನೆರೆಯ ಸೂಜಿಯ ಜೊತೆ ಜೋಡಿ ಕಟ್ಟುತ್ತದೆ, ಆದರೆ ಯಾವುದರ ಜೊತೆ ಎಂದು ಗೊತ್ತಾಗುವುದಿಲ್ಲ. ಆಗಬಹುದಾದ ಜೋಡಿಗಳೆಲ್ಲ ಒಟ್ಟೊಟ್ಟಿಗೇ ಇರುತ್ತವೆ. ಅದನ್ನು ಕ್ವಾಂಟಮ್ ಸ್ಪಿನ್ ದ್ರವ ಎನ್ನುತ್ತಾರೆ. ಮುಟ್ಟಿದರೆ ಕಲ್ಲು, ಒಳಗೆ ಎಂದೂ ಮುಗಿಯದ ಹರಿವು.

ಇದನ್ನು ಕೇಳಿದ ಮೇಲೆ ಮಧ್ಯಾಹ್ನಗಳಲ್ಲಿ ನಾನು ಆ ಕತ್ತಲೆ ಕೋಣೆಯ ಬಾಗಿಲಲ್ಲಿ ಸುಮ್ಮನೆ ನಿಲ್ಲುತ್ತಿದ್ದೆ. ಅವಳ ರೆಪ್ಪೆಗಳ ಅಡಿಯಲ್ಲಿ ಏನೋ ಓಡಾಡುತ್ತಿತ್ತು. ಹೊರಗೆ ಬೀದಿಯಲ್ಲಿ ಬಸ್ಸು ಹೋದರೆ ಚೌಕಟ್ಟುಗಳ ಕಪಾಟು ಸಣ್ಣಗೆ ಗಿಲಿಗುಡುತ್ತಿತ್ತು, ಗೋಡೆಯ ಅಕ್ಷರಗಳು ಮಂಕು ಬೆಳಕಿನಲ್ಲಿ ತೇಲುತ್ತಿದ್ದವು. ಅವಳ ಕೈಬೆರಳುಗಳು ಕುರ್ಚಿಯ ತೋಳಿನ ಮೇಲೆ ಎರಡೆರಡಾಗಿ ಕೂಡಿ, ಬಿಟ್ಟು, ಬೇರೆ ಬೆರಳಿನ ಜೊತೆ ಮತ್ತೆ ಕೂಡುತ್ತಿದ್ದವು. ನನಗೂ ನಿದ್ದೆಯೋ ಎಚ್ಚರವೋ ತಿಳಿಯದ ಒಂದು ಮಂಪರು ಹತ್ತುತ್ತಿತ್ತು. ಆ ಹೊತ್ತಿನಲ್ಲಿ ಯಾರಾದರೂ ಕದ ತಟ್ಟಿ ಕನ್ನಡಕ ಕೇಳಿದರೆ ನನಗೆ ಕೆಂಡದಂಥ ಕೋಪ ಬರುತ್ತಿತ್ತು.

ಅವಳ ಹೆಸರು ಸ್ವಲ್ಪ ಮಟ್ಟಿಗೆ ಹೊರಗೆ ಗೊತ್ತಾದದ್ದು ಒಂದೇ ಒಂದು ಸಂಗತಿಯಿಂದ. ಹರೆಯದಲ್ಲಿ ಅವಳು ತ್ರಿಕೋನಗಳ ಒಂದು ಜಾಲವನ್ನು ಹಿಡಿದು, ಇದು ಎಂದೂ ಹೆಪ್ಪುಗಟ್ಟುವುದಿಲ್ಲ, ಇದು ದ್ರವವೇ, ಎಂದು ಲೆಕ್ಕ ಹಾಕಿ ತೋರಿಸಿದ್ದಳು. ಅವಳ ಕೆಲಸ ಖಾಯಂ ಆದದ್ದು ಅದರಿಂದ, ವಿದ್ಯಾರ್ಥಿಗಳು ಹುಡುಕಿಕೊಂಡು ಬಂದದ್ದು ಅದರಿಂದ. ಪ್ರಪಂಚದಲ್ಲಿ ಇದನ್ನು ಓದಿ ಅರ್ಥ ಮಾಡಿಕೊಳ್ಳುವವರನ್ನೆಲ್ಲ ಸೇರಿಸಿದರೂ ಒಂದು ಬಸ್ಸು ತುಂಬಲಿಕ್ಕಿಲ್ಲ. ಆದರೂ ಆ ಬಸ್ಸಿನವರೆಲ್ಲ ಅದನ್ನು ಅವಳ ದ್ರವ ಎಂದೇ ಕರೆಯುತ್ತಿದ್ದರು. ನಾನಂತೂ ಗಿರಾಕಿಗಳ ಮೂಗಿನ ಮೇಲೆ ಚೌಕಟ್ಟು ಕೂರಿಸುತ್ತ, ನಮ್ಮ ಮನೆಯವಳು ಎಂದೂ ನಿಲ್ಲದ ಅಯಸ್ಕಾಂತ ಕಂಡುಹಿಡಿದಿದ್ದಾಳೆ ಎಂದು ಜಂಬ ಕೊಚ್ಚಿಕೊಳ್ಳುತ್ತಿದ್ದೆ. ಮಕ್ಕಳಿಲ್ಲದ ನಮಗೆ ಹೇಳಿಕೊಳ್ಳಲು ಅದೊಂದಿತ್ತು.

ಅವಳ ಕೊನೆಯ ಸಂಶೋಧನಾ ವಿದ್ಯಾರ್ಥಿನಿಯನ್ನು ಎಲ್ಲರೂ ಗುಬ್ಬಿ ಎನ್ನುತ್ತಿದ್ದರು. ಹಿಡಿಯಷ್ಟು ಹುಡುಗಿ, ಕೂತಲ್ಲಿ ಕೂರುವವಳಲ್ಲ, ಬಿಸ್ಕತ್ತನ್ನು ಚೂರು ಚೂರು ಮಾಡಿ ತಿನ್ನುವವಳು. ಮನೆಗೆ ಬಂದರೆ ಅತ್ತೆಯ ಕಾಲ ಬಳಿ ಕೂತು ಹರಟುವಳು, ನನ್ನನ್ನು "ಅಂಕಲ್, ಅಂಕಲ್" ಎಂದು ಬಾಯಿತುಂಬ ಕರೆಯುವಳು. ಆ ದ್ರವ ಇದ್ದರೆ ಅದರಲ್ಲಿ ಏನೇನು ನಡೆಯಬಹುದು ಎಂಬುದರ ಮೇಲೆ ಅವಳ ಇಡೀ ಪ್ರಬಂಧ ನಿಂತಿತ್ತು. ಪ್ರಬಂಧ ಸಲ್ಲಿಸಿಯಾಗಿತ್ತು, ಮೌಖಿಕ ಪರೀಕ್ಷೆ ಮುಂದಿನ ತಿಂಗಳು. ಅದು ಮುಗಿದ ಕೂಡಲೇ ಬೇರೆ ಊರಿನಲ್ಲಿ ಕೆಲಸ ಕಾದಿತ್ತು. ಇತ್ತೀಚೆಗೆ ಮಾತ್ರ ಅವಳ ಚಿಲಿಪಿಲಿ ಕಡಿಮೆಯಾಗಿತ್ತು, ಪರೀಕ್ಷೆಯ ಭಯ ಎಂದುಕೊಂಡೆವು.

ಹೀಗಿರುವಾಗ ಒಂದು ಮಧ್ಯಾಹ್ನ ಕತ್ತಲೆ ಕೋಣೆಯಿಂದ ನನ್ನ ಹೆಂಡತಿ ಕೂಗಿದಳು. "ರೀ, ಪರದೆ ತೆಗೀರಿ. ಬೇಗ ತೆಗೀರಿ."

ನಾನು ಎದ್ದೆನೋ ಬಿದ್ದೆನೋ ಎಂದು ಓಡಿಹೋಗಿ ಪರದೆ ಸರಿಸಿದೆ. ಬಿಸಿಲು ಮುಖಕ್ಕೆ ಬಿದ್ದರೂ ಅವಳು ಕಣ್ಣು ಕಿರಿದು ಮಾಡಲಿಲ್ಲ. ಅವಳಿಗೆ ಕನಸಾಗಿತ್ತು, ಈ ಸಲ ನಿಜವಾಗಿಯೂ ನಿದ್ದೆ ಹತ್ತಿತ್ತು.

ಕನಸಿನಲ್ಲಿ ಅವಳು ತನ್ನ ಜಾಲದ ಮೇಲೆಯೇ ನಡೆಯುತ್ತಿದ್ದಳಂತೆ. ಇಲ್ಲೊಂದು ಮಾತು ಹೇಳಬೇಕು. ಕೊನೆಯಿಲ್ಲದ ಜಾಲದ ಲೆಕ್ಕ ಯಾರಿಂದಲೂ ಆಗದು. ಅದಕ್ಕೆ ಈ ಮಂದಿ ಒಂದು ತುಂಡನ್ನು ತೆಗೆದುಕೊಳ್ಳುತ್ತಾರೆ, ಆ ಕಡೆ ಆರು ಹೆಜ್ಜೆ, ಈ ಕಡೆ ಆರು ಹೆಜ್ಜೆ, ಅವಳ ಮಾತಿನಲ್ಲಿ ಪೆಟ್ಟಿಗೆ. ಆಮೇಲೆ ಅದರ ಬಲದ ಅಂಚನ್ನು ಎಡದ ಅಂಚಿಗೆ, ಮೇಲಿನದನ್ನು ಕೆಳಗಿನದಕ್ಕೆ ಹೊಲಿದಂತೆ ಲೆಕ್ಕ ಇಟ್ಟುಕೊಳ್ಳುತ್ತಾರೆ. ಬಲಗಡೆಯಿಂದ ಹೊರಗೆ ಹೋದವರು ಎಡಗಡೆಯಿಂದ ಒಳಗೆ ಬರುತ್ತಾರೆ. ಹಾಗೆ ಮಾಡಿದರೆ ಪುಟ್ಟ ಪೆಟ್ಟಿಗೆಗೂ ಕೊನೆ ಎನ್ನುವುದು ಇರುವುದಿಲ್ಲ.

ಕನಸಿನ ಜಾಲ ನೀಲಿಯಾಗಿತ್ತಂತೆ, ಹೆಜ್ಜೆ ಇಟ್ಟಲ್ಲಿ ತಣ್ಣಗಾಗುತ್ತಿತ್ತಂತೆ. ಅವಳ ಮುಂದೆ ಸೂಜಿಗಳು ತಾವಾಗಿಯೇ ಒಂದು ಚಿತ್ತಾರ ಬಿಡಿಸಿಕೊಂಡು ಹೋಗುತ್ತಿದ್ದವು. ಒಂದು ಹೆಜ್ಜೆ, ಎರಡು ಹೆಜ್ಜೆ, ಸೊಗಸಾಗಿ ತಿರುಗುತ್ತ, ಐದು ಹೆಜ್ಜೆಗೆ ಸರಿಯಾಗಿ ಮೊದಲಿನ ಹಾಗೆ ಆಗುತ್ತಿದ್ದವು. ಆರನೆಯ ಹೆಜ್ಜೆಗೆ ಅವಳು ಅಂಚು ದಾಟಿ ಎಡಗಡೆಯಿಂದ ಮರಳಿ ಬಂದಳು. ಅಲ್ಲಿ ಚಿತ್ತಾರದ ಬಾಲ ಅದರ ತಲೆಗೆ ಹೊಂದಲಿಲ್ಲ. ಸೂಜಿಗಳು ಗಲಿಬಿಲಿಗೊಂಡು ಅತ್ತ ಇತ್ತ ತಿರುಗಿದವು, ಇಡೀ ಚಿತ್ತಾರ ಕಲಕಿ ನೀರಾಯಿತು. ಅವಳು ಮತ್ತೆ ನಡೆದಳು, ಮತ್ತೆ ಹಾಗೆಯೇ ಆಯಿತು.

"ಐದರ ಚಿತ್ತಾರ ಆರರ ಪೆಟ್ಟಿಗೇಲಿ ಕೂರಲ್ಲ ರೀ," ಎಂದಳು. "ಅವು ನಿಲ್ಲೋಕೆ ನೋಡ್ತಿದ್ವು. ನಾನೇ ನಿಲ್ಲೋಕೆ ಜಾಗ ಕೊಡಲಿಲ್ಲ. ನನ್ನ ದ್ರವ ನನ್ನ ಪೆಟ್ಟಿಗೆಯಿಂದ ಆದದ್ದು."

"ಕನಸು ಕಣೇ," ಎಂದೆ. "ಐದು ಹೆಜ್ಜೆಯ ಪೆಟ್ಟಿಗೆ ನೀನು ನೋಡಿರಲಿಲ್ವಾ?"

"ಇಲ್ಲ. ಐದೈದಲ ಇಪ್ಪತ್ತೈದು, ಒಂದು ಸೂಜಿಗೆ ಜೋಡಿ ತಪ್ಪುತ್ತೆ. ಬೆಸಸಂಖ್ಯೆಯ ಪೆಟ್ಟಿಗೆಯನ್ನ ನಮ್ಮವರು ಯಾರೂ ಮುಟ್ಟಲ್ಲ. ನಾಲ್ಕು ನೋಡಿದೆ, ಆರು ನೋಡಿದೆ, ಆಮೇಲೆ ಬೇರೆಯವರು ಎಂಟು ನೋಡಿದ್ರು. ಎಲ್ಲದರಲ್ಲೂ ದ್ರವ. ಐದರ ಚಿತ್ತಾರ ಎರಡು ಸಲ ಕೂರೋ ಹತ್ತರ ಪೆಟ್ಟಿಗೆ ಆಗಿನ ಕಂಪ್ಯೂಟರಿಗೆ ತಡೆಯೋ ಹಾಗಿರಲಿಲ್ಲ. ಈಗ ಆಗುತ್ತೆ, ಆದ್ರೆ ಯಾರೂ ಮಾಡಲಿಲ್ಲ. ಯಾಕೆ ಮಾಡ್ತಾರೆ? ನಾನು ಹೇಳಿಬಿಟ್ಟಿದ್ದೆನಲ್ಲ."

ಅವಳು ಅಲ್ಲೇ, ಲೆನ್ಸಿನ ಲಕೋಟೆಯ ಹಿಂಬದಿಯಲ್ಲಿ, ಕೈಯಿಂದಲೇ ಅಂದಾಜು ಲೆಕ್ಕ ಹಾಕಿದಳು. ಐದರ ಚಿತ್ತಾರದ ಶಕ್ತಿ ದ್ರವದ್ದಕ್ಕಿಂತ ಕೂದಲೆಳೆಯಷ್ಟು ಕೆಳಗೆ ಬಂತು. ಕೂದಲೆಳೆ ಸಾಕಂತೆ. ಪ್ರಕೃತಿ ಕೆಳಗಿನದನ್ನೇ ಆರಿಸಿಕೊಳ್ಳುತ್ತದೆ.

ನನಗೆ ರೇಗಿಹೋಯಿತು, ಯಾರ ಮೇಲೆ ಎಂದು ಗೊತ್ತಿರಲಿಲ್ಲ. "ಇನ್ನೊಂದು ತಿಂಗಳು ಬಾಯಿಗೆ ಬೀಗ ಹಾಕ್ಕೊಂಡಿರು," ಎಂದೆ. "ಆ ಹುಡುಗಿ ಪರೀಕ್ಷೆ ಮುಗೀಲಿ, ಕೆಲಸಕ್ಕೆ ಸೇರಿಕೊಳ್ಳಲಿ. ಆಮೇಲೆ ನೀನು ಊರೆಲ್ಲ ಡಂಗುರ ಹೊಡಿ. ಈಗ ಹೇಳಿದ್ರೆ ಅವಳ ಐದು ವರ್ಷ ನೀರಲ್ಲಿ ಹೋಮ. ನಿನ್ನ ಹೆಸರೂ ಹೋಗುತ್ತೆ."

"ಸುಳ್ಳು ಅಂತ ಗೊತ್ತಿದ್ದೂ ಅವಳನ್ನ ಅಷ್ಟು ಜನರ ಮುಂದೆ ನಿಲ್ಲಿಸಲಾ?"

"ಅವಳಿಗೆ ಗೊತ್ತಿಲ್ಲವಲ್ಲ!"

"ನನಗೆ ಗೊತ್ತಾಯ್ತಲ್ಲ," ಎಂದಳು. ನಾನು ಅಂಗಡಿಯ ಬಾಗಿಲು ದಡಾರನೆ ತೆರೆದು ಗಲ್ಲದ ಮೇಲೆ ಕೈಯಿಟ್ಟು ಕೂತೆ. ಆ ಸಂಜೆ ಗಂಡ ಹೆಂಡತಿ ಜಗಳ ಎಂದುಕೊಂಡು ಅತ್ತೆ ಬೇಗನೆ ಕೋಣೆ ಸೇರಿಕೊಂಡರು.

ಮಾರನೆಯ ದಿನ ಮಧ್ಯಾಹ್ನ ಅವಳು ಗುಬ್ಬಿಯನ್ನು ಅಂಗಡಿಗೇ ಕರೆಸಿದಳು. ಗುಬ್ಬಿ ಗಿರಾಕಿಗಳ ಬೆಂಚಿನ ತುದಿಯಲ್ಲಿ ಕೂತಳು. ನನ್ನ ಹೆಂಡತಿ ಎದುರಿನ ಸ್ಟೂಲಿನಲ್ಲಿ ಕೂತು, ಕನಸಿನಿಂದ ಹಿಡಿದು ಲಕೋಟೆಯ ಲೆಕ್ಕದವರೆಗೆ ಒಂದನ್ನೂ ಬಿಡದೆ ಹೇಳಿದಳು. ನಾನು ಕನ್ನಡಕ ಒರೆಸುವ ನೆಪದಲ್ಲಿ ಒರೆಸಿದ್ದನ್ನೇ ಒರೆಸುತ್ತಿದ್ದೆ.

ಹುಡುಗಿ ಅಳುತ್ತಾಳೆ ಎಂದುಕೊಂಡಿದ್ದೆ. ಅವಳು ನೆಲ ನೋಡುತ್ತಲೇ, ಬಹಳ ಮೆಲ್ಲಗೆ, "ಗೊತ್ತಿತ್ತು ಮೇಡಂ," ಎಂದಳು.

ನನ್ನ ಕೈಯ ಬಟ್ಟೆ ನಿಂತಿತು.

"ಹೋದ ವರ್ಷವೇ ಹತ್ತರ ಪೆಟ್ಟಿಗೆ ಮಾಡಿ ನೋಡಿದೆ. ದ್ರವ ಇನ್ನೂ ಚೆನ್ನಾಗಿ ಕಾಣುತ್ತೆ, ನಿಮಗೆ ತಂದು ತೋರಿಸೋಣ ಅಂತ ಮಾಡಿದ್ದು. ಅದು ನಿಂತುಬಿಡ್ತು. ಐದಕ್ಕೆ ಸರಿಯಾಗಿ. ನನ್ನ ಪ್ರೋಗ್ರಾಮೇ ತಪ್ಪು ಅಂತ ಮತ್ತೆ ಮತ್ತೆ ಮಾಡಿದೆ, ಪ್ರತಿ ಸಲವೂ ನಿಂತಿತು."

"ಯಾಕೆ ಹೇಳಲಿಲ್ಲ?"

"ನೀವು ಅದರ ಬಗ್ಗೆ ಮಾತಾಡೋವಾಗ ನಿಮ್ಮ ಮುಖ ಹೇಗಿರುತ್ತೆ ಅಂತ ನಿಮಗೆ ಗೊತ್ತಿಲ್ಲ ಮೇಡಂ. ಎಷ್ಟು ಸಲ ನಿಮ್ಮ ಕೋಣೆ ಬಾಗಿಲವರೆಗೂ ಬಂದೆ. ಬಾಯೇ ಬರಲಿಲ್ಲ."

ನನ್ನ ಹೆಂಡತಿಗೆ ಕೋಪ ಬಂದದ್ದನ್ನು ನಾನು ಅಷ್ಟು ವರ್ಷಗಳಲ್ಲಿ ನೋಡಿದ್ದು ಅದೊಂದೇ ಸಲ. ಅವಳು ಎದ್ದು ನಿಂತಳು. ತುಟಿ ಬಿಳಿಚಿತ್ತು. "ಅಂದ್ರೆ, ಯಾರೂ ನಿಜ ಹೇಳೋಕಾಗದಂಥ ಮನುಷ್ಯಳಾಗಿಬಿಟ್ಟಿದ್ದೀನಾ ನಾನು? ನನ್ನ ಹತ್ರ ಕಲಿತವಳು ನೀನು. ಒಂದು ವರ್ಷ ನನ್ನ ಮುಂದೆ ಕೂತು ತಲೆಯಾಡಿಸಿದ್ದೀಯಾ? ಲೆಕ್ಕ ತಪ್ಪಾಗಿದ್ದಕ್ಕೆ ನನಗೆ ಸಂಕಟ ಆಗ್ತಿದೆ, ಆದ್ರೆ ಅದನ್ನ ತಡ್ಕೋತೀನಿ. ಇದನ್ನ ಹೇಗೆ ತಡ್ಕೊಳ್ಳಲಿ?"

ಗುಬ್ಬಿ ಈಗ ಅತ್ತಳು, ಬಿಕ್ಕಿ ಬಿಕ್ಕಿ. "ನಿಮಗೆ ನೋವಾಗಬಾರದು ಅಂತ..."

"ನನ್ನ ನೋವು ನನಗೆ ಬಿಡು," ಎಂದು ಇವಳು ಹೇಳಿ, ನೇರವಾಗಿ ಕತ್ತಲೆ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ನಾನೂ ಗುಬ್ಬಿಯೂ ಕನ್ನಡಕಗಳ ನಡುವೆ ಪೆಚ್ಚಾಗಿ ಕೂತಿದ್ದೆವು. ಒಬ್ಬ ಗಿರಾಕಿ ಬಂದು ಮೂಗಿನ ಪಟ್ಟಿ ಸಡಿಲವಾಗಿದೆ ಎಂದ. ನಾನು ಅದನ್ನು ಬಿಗಿ ಮಾಡಿ ಕೊಟ್ಟೆ.

ಎಷ್ಟೋ ಹೊತ್ತಿನ ಮೇಲೆ ಅವಳು ಹೊರಗೆ ಬಂದಾಗ ಮುಖ ತೊಳೆದುಕೊಂಡಿದ್ದಳು. "ಥೀಸಿಸ್ ವಾಪಸ್ ತಗೋತೀವಿ," ಎಂದಳು. "ಹತ್ತರ ಪೆಟ್ಟಿಗೆ ಮೊದಲನೇ ಅಧ್ಯಾಯ. ನನ್ನ ಲೆಕ್ಕ ಯಾಕೆ ಕೆಟ್ಟಿತು ಅನ್ನೋದು ಎರಡನೇದು. ಆ ಕೆಲಸದವರಿಗೆ ನಾನೇ ಫೋನ್ ಮಾಡಿ, ಕಾಯೋಕೆ ಆಗುತ್ತಾ ಅಂತ ಕೇಳ್ತೀನಿ. ಆಗಲ್ಲ ಅಂದ್ರೆ ಬೇರೆ ಕಡೆ ಹುಡುಕೋಣ." ಗುಬ್ಬಿ ತಲೆಯಾಡಿಸಿದಳು. "ತಲೆಯಾಡಿಸಬೇಡ, ಬಾಯಲ್ಲಿ ಹೇಳು," ಎಂದಳು ಇವಳು. "ಆಗಲಿ ಮೇಡಂ," ಎಂದಳು ಗುಬ್ಬಿ. ಕಾಯುತ್ತೇವೆ, ಆದರೆ ಚಳಿಗಾಲದ ಆಚೆಗೆ ಆಗುವುದಿಲ್ಲ ಎಂದು ಆ ಕಡೆಯವರು ಹೇಳಿದರು.

ಆ ತಿಂಗಳುಗಳು ಮಂಜಿನೊಳಗೆ ನಡೆದ ಹಾಗೆ ಕಳೆದವು. ಬೆಳಿಗ್ಗೆಯೆಲ್ಲ ಇಬ್ಬರೂ ಕರಿಹಲಗೆಯ ಮುಂದೆ ಇರುತ್ತಿದ್ದರು. ಮಧ್ಯಾಹ್ನ ಅವಳು ಎಂದಿನಂತೆ ಬಂದು ಆ ಕುರ್ಚಿಯಲ್ಲಿ ಒರಗುತ್ತಿದ್ದಳು, ಆದರೆ ಕಣ್ಣು ಮುಚ್ಚುತ್ತಿರಲಿಲ್ಲ. ಕತ್ತಲೆಯಲ್ಲಿ ಅವಳ ಕಣ್ಣುಗಳು ದೀಪದ ಹಲಗೆಯ ಬೆಳಕಿಗೆ ಹೊಳೆಯುತ್ತಿದ್ದವು. ಒಂದು ದಿನ ತಡೆಯಲಾರದೆ ಕೇಳಿಯೇಬಿಟ್ಟೆ.

"ಮುಚ್ಚಿದ್ರೆ ಅವೆಲ್ಲ ನಿಂತಿರ್ತಾವೆ ರೀ," ಎಂದಳು. "ಮೊದಲು ಹೇಗೆ ಓಡಾಡ್ತಿದ್ವು! ಅಷ್ಟು ವರ್ಷ ಜೊತೆಗಿದ್ವು. ಈಗ ಒಂದೂ ಅಲ್ಲಾಡಲ್ಲ. ಚೆನ್ನಾಗೇ ನಿಂತಿವೆ, ನೋಡೋಕೆ ಅಂದವಾಗಿದೆ, ಚಿತ್ತಾರ ನಿಜವಾಗ್ಲೂ ಅಂದವಾಗಿದೆ. ಆದ್ರೆ ಅಲ್ಲಾಡಲ್ಲ."

ನಾನು ಸ್ಟೂಲು ಎಳೆದುಕೊಂಡು ಅವಳ ಪಕ್ಕದಲ್ಲಿ ಕೂತೆ. ಹೊರಗೆ ಬಸ್ಸು ಹೋಯಿತು, ಕಪಾಟು ಗಿಲಿಗುಟ್ಟಿತು. ಅವಳ ಕೈ ತಣ್ಣಗಿತ್ತು. ನನಗೆ ಅಳು ಬಂತು. ಅವಳು ಅಳಲಿಲ್ಲ, ನನ್ನನ್ನೇ ಸಮಾಧಾನ ಮಾಡಿದಳು.

ಪರೀಕ್ಷೆಯ ದಿನ ನಾನು ಅಂಗಡಿಗೆ ರಜೆ ಹಾಕಿದೆ. ಮೌಖಿಕ ಪರೀಕ್ಷೆಯನ್ನು ಯಾರು ಬೇಕಾದರೂ ಹಿಂದೆ ಕೂತು ನೋಡಬಹುದು, ಮಾತಾಡಬಾರದು ಅಷ್ಟೆ. ಮಾರ್ಗದರ್ಶಕರೂ ಬಾಯಿ ತೆರೆಯುವ ಹಾಗಿಲ್ಲ, ಉತ್ತರವೆಲ್ಲ ವಿದ್ಯಾರ್ಥಿಯೇ ಕೊಡಬೇಕು. ಎತ್ತರದ ಕಿಟಕಿಗಳ ಸಭಾಂಗಣ. ಬೆಳಕಿನ ಪಟ್ಟಿಗಳಲ್ಲಿ ಸೀಮೆಸುಣ್ಣದ ಧೂಳು ಇಳಿಯುವುದನ್ನೇ ಮರೆತಂತೆ ನಿಂತಿತ್ತು. ಮುಂದಿನ ಸಾಲಿನಲ್ಲಿ ಪರೀಕ್ಷಕರು, ಎರಡನೆಯ ಸಾಲಿನ ತುದಿಯಲ್ಲಿ ನನ್ನ ಹೆಂಡತಿ, ಗೋಡೆಗೆ ಒತ್ತಿ ಕೊನೆಯ ಸಾಲಿನಲ್ಲಿ ನಾನು.

ಗುಬ್ಬಿ ಚೆನ್ನಾಗಿಯೇ ಶುರುಮಾಡಿದಳು. ಪೆಟ್ಟಿಗೆ, ಐದರ ಚಿತ್ತಾರ, ಹತ್ತರ ಲೆಕ್ಕ. ಹೊರಗಿನಿಂದ ಬಂದಿದ್ದ ಪರೀಕ್ಷಕರು, ನೆರೆತ ಗಡ್ಡದ ಗಂಭೀರ ಮನುಷ್ಯ, ಕೈಯೆತ್ತಿ ತಡೆದರು.

"ಒಂದು ನಿಮಿಷ. ಈ ಜಾಲ ದ್ರವ ಅಂತ ನಾವೆಲ್ಲ ಪಾಠ ಮಾಡ್ಕೊಂಡು ಬಂದಿದ್ದೀವಿ. ನಾಲ್ಕು, ಆರು, ಎಂಟರ ಪೆಟ್ಟಿಗೆಗಳಲ್ಲಿ ಐದರ ಚಿತ್ತಾರ ಕಣ್ಣಿಗೇ ಬೀಳಲ್ಲ ಅನ್ನೋದು ಇಷ್ಟು ವರ್ಷ ಯಾರಿಗೂ ಹೊಳೀಲಿಲ್ವಾ? ಇದು ಯಾರ ತಪ್ಪು, ನೇರವಾಗಿ ಹೇಳಿ."

ಪ್ರಶ್ನೆಯಲ್ಲಿ ಕೆಡುಕಿರಲಿಲ್ಲ. ಆದರೆ ಗುಬ್ಬಿ ಹಲಗೆ ನೋಡಿದಳು, ಕೈಯಲ್ಲಿದ್ದ ಸೀಮೆಸುಣ್ಣ ನೋಡಿದಳು, ಎರಡನೆಯ ಸಾಲಿನ ಕಡೆ ಮಾತ್ರ ನೋಡಲಿಲ್ಲ. "ಅದು... ಆ ಕಾಲದ ಕಂಪ್ಯೂಟರ್... ಎಲ್ಲರೂ..." ಎಂದು ತೊದಲಿದಳು. ಪರೀಕ್ಷಕರು ಕಾಗದದ ಮೇಲೆ ಏನೋ ಗೀಚಿಕೊಂಡರು.

ನನ್ನ ಹೆಂಡತಿ ಎದ್ದು ನಿಂತಳು.

"ಗೈಡ್ ಮಾತಾಡೋ ಹಾಗಿಲ್ಲ," ಎಂದರು ಪರೀಕ್ಷಾ ಮಂಡಳಿಯ ಅಧ್ಯಕ್ಷರು.

"ಗೊತ್ತು ಸರ್. ಉಳಿದದ್ದೆಲ್ಲ ಅವಳಿಗೆ ಬರುತ್ತೆ. ಇದೊಂದು ಅವಳ ಬಾಯಲ್ಲಿ ಬರಲ್ಲ, ಅದಕ್ಕೇ ಎದ್ದೆ." ಅವಳು ಬೆಂಚಿನ ಅಂಚು ಹಿಡಿದುಕೊಂಡಿದ್ದಳು, ದನಿ ಮಾತ್ರ ನೆಟ್ಟಗಿತ್ತು. "ತಪ್ಪು ನನ್ನದು. ಕಂಪ್ಯೂಟರಿನದಲ್ಲ, ಕಾಲದ್ದೂ ಅಲ್ಲ. ದ್ರವವೇ ಬೇಕು ಅಂತ ನನಗೆ ಆಸೆ ಇತ್ತು, ಅದಕ್ಕೆ ಬೇರೆ ಪೆಟ್ಟಿಗೆ ಹುಡುಕಲಿಲ್ಲ. ಹುಡುಕಿದವಳು ಇವಳು. ಈಗ ಮುಂದಿನದನ್ನ ಅವಳನ್ನೇ ಕೇಳಿ."

ಅವಳು ಕೂತಳು. ಗಡ್ಡದ ಪರೀಕ್ಷಕರು ತಾವು ಗೀಚಿದ್ದನ್ನು ಹೊಡೆದುಹಾಕಿ, "ಹೇಳಿ ಮಗಳೇ, ಹಳೇ ಲೆಕ್ಕ ಎಲ್ಲಿ ಹಳಿ ತಪ್ಪಿತು? ಮೊದಲನೇ ಸಾಲಿಂದ," ಎಂದರು.

ಗುಬ್ಬಿ ಮುಂಗೈಯಿಂದ ಕಣ್ಣೊರೆಸಿಕೊಂಡಳು. ಹಲಗೆಯತ್ತ ತಿರುಗಿ, ತನ್ನ ಗುರುವಿನ ಹಳೆಯ ಲೆಕ್ಕವನ್ನು ಮೊದಲ ಸಾಲಿನಿಂದ ಬರೆದು, ಒಂದೊಂದಾಗಿ ಬಿಡಿಸಿ, ಇದು ಇಲ್ಲಿ ಕೆಟ್ಟಿತು, ಇದು ಹೀಗಾಗಿ ಕೆಟ್ಟಿತು ಎಂದು ಗಟ್ಟಿದನಿಯಲ್ಲಿ ಹೇಳತೊಡಗಿದಳು. ನನ್ನ ಹೆಂಡತಿ ಚೀಲದಿಂದ ಪೆನ್ನು ತೆಗೆದು, ಕಾಗದ ಬಿಡಿಸಿ, ಪ್ರತಿಯೊಂದು ಸಾಲನ್ನೂ ಬರೆದುಕೊಳ್ಳುತ್ತಿದ್ದಳು.